ಲಾಜವರ್ದ: ಗಂಧಕದಿಂದ ನೀಲಿಯಾದ ಕಲ್ಲು

ಲಾಜವರ್ದವನ್ನು ರತ್ನವೆಂದು ಕರೆಯುವುದು ರೂಢಿ. ಆದರೆ ಭೂವಿಜ್ಞಾನದ ಲೆಕ್ಕದಲ್ಲಿ ಅದು ಒಂದು ಶಿಲೆ. ವಜ್ರ, ಮಾಣಿಕ್ಯ, ಇಂದ್ರನೀಲಗಳು ಒಂದೊಂದೂ ಒಂದೇ ಖನಿಜದಿಂದಾದ ಹರಳುಗಳಾಗಿದ್ದು, ಬೆಳಕು ಅವುಗಳ ಒಳಹೊಕ್ಕು ಹೊರಬರುವುದರಿಂದಲೇ ಅವು ಮಿನುಗುತ್ತವೆ. ಲಾಜವರ್ದದೊಳಗೆ ಬೆಳಕು ಹಾಯುವುದಿಲ್ಲ. ಲಾಜುರೈಟ್ ಎಂಬ ನೀಲಿ ಖನಿಜ, ಕ್ಯಾಲ್ಸೈಟ್ ಎಂಬ ಬಿಳಿಯ ಸುಣ್ಣದ ಖನಿಜ, ಕಬ್ಬಿಣ ಮತ್ತು ಗಂಧಕ ಸೇರಿ ಆದ ಪೈರೈಟ್ ಎಂಬ ಹೊಂಬಣ್ಣದ ಖನಿಜ, ಇವು ಮುಖ್ಯವಾಗಿ ಬೆರೆತು ಗಟ್ಟಿಯಾದ ಕಲ್ಲು ಅದು. ನಮ್ಮ ರಸಶಾಸ್ತ್ರದ ಗ್ರಂಥಗಳು ಅದನ್ನು ರಾಜಾವರ್ತವೆಂದು ಕರೆದು ಉಪರತ್ನಗಳ ಸಾಲಿನಲ್ಲಿ ಇಡುತ್ತವೆ. ಇಂದಿನ ಹರಳಿನಂಗಡಿಗಳಲ್ಲಿ ‘ಲ್ಯಾಪಿಸ್’ ಅಥವಾ ‘ಲ್ಯಾಪಿಸ್ ಲಾಜುಲಿ’ ಎಂದರೆ ಬೇಗ ತಿಳಿಯುತ್ತದೆ. ಈ ಕಲ್ಲಿನ ಸಾವಿರಾರು ವರ್ಷಗಳ ಚರಿತ್ರೆಯಾಗಲಿ, ಅದರ ಸುತ್ತ ಹುಟ್ಟಿದ ನಂಬಿಕೆಗಳಾಗಲಿ, ಮನೆಯಲ್ಲಿ ಅದನ್ನು ಜೋಪಾನ ಮಾಡುವ ಕ್ರಮವಾಗಲಿ, ಎಲ್ಲವೂ ಸ್ಪಷ್ಟವಾಗಬೇಕಾದರೆ ಅದು ಯಾವುದರಿಂದ ಆಗಿದೆ ಎಂಬುದನ್ನು ಮೊದಲು ತಿಳಿಯಬೇಕು.

ಇಂದ್ರನೀಲದ ನೀಲಿಗೆ ಕಬ್ಬಿಣ ಮತ್ತು ಟೈಟಾನಿಯಂ ಕಾರಣ. ಫಿರೋಜದ ನೀಲಿಗೆ ತಾಮ್ರ ಕಾರಣ. ಲಾಜವರ್ದದ ನೀಲಿಗೆ ಯಾವ ಲೋಹವೂ ಕಾರಣವಲ್ಲ. ಸಾಮಾನ್ಯವಾಗಿ ಹಳದಿಯಾಗಿ ಕಾಣುವ ಗಂಧಕವೇ ಇಲ್ಲಿ ನೀಲಿಯನ್ನು ಕೊಡುತ್ತದೆ. ಲಾಜುರೈಟ್‌ನಲ್ಲಿ ಸಿಲಿಕಾನ್, ಅಲ್ಯುಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಒಂದಕ್ಕೊಂದು ಹೆಣೆದುಕೊಂಡು ಸಣ್ಣ ಸಣ್ಣ ಪಂಜರಗಳಾಗಿರುತ್ತವೆ. ಆ ಪಂಜರಗಳೊಳಗೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಜೊತೆಗೆ, ಮೂರು ಗಂಧಕದ ಪರಮಾಣುಗಳು ಒಂದು ಹೆಚ್ಚುವರಿ ಎಲೆಕ್ಟ್ರಾನನ್ನು ಹೊತ್ತುಕೊಂಡು ಗುಂಪಾಗಿ ಕುಳಿತಿರುತ್ತವೆ. ಈ ಮೂವರ ಗುಂಪು ಸುಮಾರು 600 ನ್ಯಾನೋಮೀಟರ್ ಅಲೆಯುದ್ದದ ಹಳದಿ–ಕಿತ್ತಳೆ ಬೆಳಕನ್ನು ಹೀರಿಕೊಳ್ಳುವುದರಿಂದ ನಮ್ಮ ಕಣ್ಣಿಗೆ ಮರಳುವುದು ಗಾಢ ನೀಲಿ. ಎರಡೇ ಪರಮಾಣುಗಳ ಗುಂಪುಗಳು ಹೆಚ್ಚಾಗಿದ್ದರೆ ಕಲ್ಲಿಗೆ ಹಸಿರು ಛಾಯೆ ಬರುತ್ತದೆ. ಪಂಜರದ ಹೊರಗೆ, ಗಾಳಿಯಲ್ಲಿ, ಇಂತಹ ಗಂಧಕದ ಗುಂಪು ಉಳಿಯಲಾರದು. ಪಂಜರ ಗಟ್ಟಿಯಾಗಿರುವವರೆಗೆ ಅದರ ಬಣ್ಣ ಸಾವಿರಾರು ವರ್ಷ ಬಿಸಿಲಿಗೂ ಮಾಸದೆ ನಿಲ್ಲುತ್ತದೆ. ಆಮ್ಲ ತಾಗಿ ಪಂಜರ ಒಡೆದರೆ ಗಂಧಕವು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ, ಕೊಳೆತ ಮೊಟ್ಟೆಯ ವಾಸನೆಯೊಂದಿಗೆ ಹೊರಟುಹೋಗಿ ನೀಲಿಯೂ ಇಲ್ಲವಾಗುತ್ತದೆ. ಲಾಜವರ್ದದ ಬಗ್ಗೆ ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಬೇಕು.

ಇಂತಹ ಕಲ್ಲು ಉಂಟಾಗಲು ಸುಣ್ಣದಕಲ್ಲು, ಗಂಧಕ, ಸೋಡಿಯಂ ಮತ್ತು ಅಪಾರ ಶಾಖ ಒಂದೇ ಕಡೆ ಕೂಡಿಬರಬೇಕು. ಭೂಮಿಯ ಆಳದಲ್ಲಿ ಸುಣ್ಣದಕಲ್ಲು ಕಾದು ಅಮೃತಶಿಲೆಯಾಗುವಾಗ ಕೆಲವೇ ಕೆಲವು ಸ್ಥಳಗಳಲ್ಲಿ ಹೀಗಾಗಿದೆ. ರಷ್ಯಾದ ಬೈಕಾಲ್ ಸರೋವರದ ಬಳಿ, ಪಾಮೀರ್ ಪರ್ವತಗಳಲ್ಲಿ, ಚಿಲಿ ದೇಶದ ಆಂಡೀಸ್ ಪರ್ವತಗಳಲ್ಲಿ ಲಾಜವರ್ದ ಸಿಗುತ್ತದೆ. ಆದರೆ ಪ್ರಾಚೀನ ಪ್ರಪಂಚಕ್ಕೆ ಮುಖ್ಯ ಆಕರ ಒಂದೇ: ಅಫ್ಘಾನಿಸ್ತಾನದ ಈಶಾನ್ಯದಲ್ಲಿರುವ ಬದಕ್ಷಾನ್ ಪ್ರಾಂತ್ಯದ ಸಾರ್-ಇ-ಸಂಗ್. ಹಿಂದೂಕುಶ್ ಪರ್ವತಗಳ ನಡುವೆ ಕೊಕ್ಚಾ ನದಿಯ ಕಡಿದಾದ ಕಣಿವೆಯಲ್ಲಿ, ಅಮೃತಶಿಲೆಯ ಗೋಡೆಗಳ ನಡುವೆ ನೀಲಿ ಪಟ್ಟೆಗಳಾಗಿ ಈ ಕಲ್ಲು ಹಬ್ಬಿದೆ. 1838ರಲ್ಲಿ ಅಲ್ಲಿಗೆ ಹೋದ ಜಾನ್ ವುಡ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆಯ ಅಧಿಕಾರಿ ಕಲ್ಲು ತೆಗೆಯುವ ವಿಧಾನವನ್ನು ವರ್ಣಿಸಿದ್ದಾನೆ. ಬಂಡೆಯ ಬುಡದಲ್ಲಿ ಪೊದೆ, ಸೌದೆಗಳನ್ನು ಒಟ್ಟಿ ಬೆಂಕಿ ಹಚ್ಚಿ, ಕಲ್ಲು ಚೆನ್ನಾಗಿ ಕಾದ ಮೇಲೆ ಅದರ ಮೇಲೆ ತಣ್ಣೀರು ಎರಚಿ, ಬಿರುಕು ಬಿಟ್ಟ ಅಮೃತಶಿಲೆಯನ್ನು ಸುತ್ತಿಗೆ, ಹಾರೆಗಳಿಂದ ಎಬ್ಬಿಸಿ ನೀಲಿ ಗಟ್ಟಿಗಳನ್ನು ಬಿಡಿಸುತ್ತಿದ್ದರು. ಅಲ್ಲಿನ ಗಣಿಗಾರರು ಗಾಢ ಬಣ್ಣದ್ದನ್ನು ನೀಲಿ, ತಿಳಿ ಬಣ್ಣದ್ದನ್ನು ಆಸ್ಮಾನಿ ಎಂದು ವಿಂಗಡಿಸುತ್ತಿದ್ದರು. ಹಸಿರು ಛಾಯೆಯದು ಕೊನೆಯ ದರ್ಜೆ. ಮುಂದೆ ಸಿಡಿಮದ್ದು ಬಂದ ಮೇಲೆ ಕಲ್ಲು ಬೇಗ ಹೊರಬಂದರೂ ಒಳಗೊಳಗೇ ಸೀಳುಬಿಡತೊಡಗಿತು. ಇಂದು ಮಾರುಕಟ್ಟೆಗೆ ಬರುವ ಕಲ್ಲುಗಳ ಕಣ್ಣಿಗೆ ಕಾಣದ ಬಿರುಕುಗಳಿಗೆ ಮೇಣ ಅಥವಾ ರಾಳ ತುಂಬುವುದಕ್ಕೆ ಇದೂ ಒಂದು ಕಾರಣ.

ಈ ಕಣಿವೆಯಿಂದ ಕಲ್ಲು ಸಾಗಿದ ದೂರ ಬೆರಗು ಹುಟ್ಟಿಸುವಂಥದು. ಬಲೂಚಿಸ್ತಾನದ ಮೆಹ್ರ್‌ಗಢದಲ್ಲಿ ನವಶಿಲಾಯುಗದ ಸಮಾಧಿಗಳಲ್ಲೇ ಲಾಜವರ್ದದ ಮಣಿಗಳು ಸಿಕ್ಕಿವೆ. ಇರಾನಿನ ಸಿಸ್ತಾನ್ ಪ್ರದೇಶದ ಶಹ್ರ್-ಇ-ಸೋಖ್ತಾದಲ್ಲಿ ಉತ್ಖನನ ಮಾಡಿದವರಿಗೆ ಲಾಜವರ್ದದ ಕಾರ್ಯಾಗಾರಗಳೇ ದೊರೆತವು: ಚಕಮಕಿ ಕಲ್ಲಿನ ಸಣ್ಣ ಅಲಗುಗಳು, ಕೊರೆಯುವ ಮೊನೆಗಳು, ಅರ್ಧ ಕೊರೆದು ಒಡೆದ ಮಣಿಗಳು, ಕೆತ್ತಿ ಬಿಸಾಡಿದ ಚಕ್ಕೆಗಳು. ಮುಂದಿನ ಪ್ರಯಾಣಕ್ಕೆ ಬಿಳಿಯ ಭಾರವನ್ನು ಹೊರುವುದು ವ್ಯರ್ಥವೆಂದು ಅಲ್ಲಿನ ಕುಶಲಕರ್ಮಿಗಳು ಸುಣ್ಣದ ಭಾಗವನ್ನು ಕಳೆದು ನೀಲಿಯನ್ನಷ್ಟೇ ಪಶ್ಚಿಮಕ್ಕೆ ಕಳುಹಿಸುತ್ತಿದ್ದರು ಎಂಬುದು ಆ ಚಕ್ಕೆಗಳ ರಾಶಿಯಿಂದ ತಿಳಿಯುತ್ತದೆ. ಹರಪ್ಪಾ ನಾಗರಿಕತೆಯವರಂತೂ ಹಿಂದೂಕುಶ್ ಆಚೆಗೆ, ಕೊಕ್ಚಾ ನದಿಯು ಅಮು ದರಿಯಾವನ್ನು ಸೇರುವ ಪ್ರದೇಶದ ಶೋರ್ತುಗಾಯ್ ಎಂಬಲ್ಲಿ ಒಂದು ನೆಲೆಯನ್ನೇ ಹೂಡಿದ್ದರು. 1970ರ ದಶಕದಲ್ಲಿ ಫ್ರೆಂಚ್ ಪುರಾತತ್ವಜ್ಞರು ಅಲ್ಲಿ ಘೇಂಡಾಮೃಗದ ಚಿತ್ರವುಳ್ಳ ಸಿಂಧೂ ಮುದ್ರೆಯನ್ನೂ ಹರಪ್ಪಾ ಮಾದರಿಯ ಮಡಕೆಗಳನ್ನೂ ಕಂಡರು. ಗಂಗೆಯ ನಡು ಬಯಲಿಗೂ ದಕ್ಷಿಣ ಭಾರತಕ್ಕೂ ಹರಡದಿದ್ದ ಆ ನಾಗರಿಕತೆ ಉತ್ತರದ ಅಷ್ಟು ದುರ್ಗಮ ಜಾಗಕ್ಕೆ ಹೋಗಿ ನೆಲಸಿದ್ದಕ್ಕೆ, ಲಾಜವರ್ದದ ವ್ಯಾಪಾರಕ್ಕಿಂತ ಒಪ್ಪುವ ಕಾರಣ ನನಗೆ ಕಾಣುವುದಿಲ್ಲ.

ವ್ಯಾಪಾರದ ಇನ್ನೊಂದು ತುದಿಯಲ್ಲಿದ್ದದ್ದು ಮೆಸೊಪೊಟೇಮಿಯ. ಇರಾಕಿನ ಊರ್ ನಗರದಲ್ಲಿ 1920ರ ದಶಕದಲ್ಲಿ ಲಿಯೊನಾರ್ಡ್ ವೂಲಿ ತೆರೆದ ರಾಜಸಮಾಧಿಗಳು ಕ್ರಿ.ಪೂ. 2500ರ ಆಸುಪಾಸಿನವು. ಬದಕ್ಷಾನದಿಂದ ಅಲ್ಲಿಗೆ 2,000 ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಪುಆಬಿ ಎಂಬ ರಾಣಿಯ ಮೈಮೇಲಿನ ಆಭರಣಗಳಲ್ಲಿ ಚಿನ್ನದ ಜೊತೆಗೆ ರಾಶಿ ರಾಶಿ ಲಾಜವರ್ದದ ಮಣಿಗಳಿದ್ದವು. ಅಲ್ಲೇ ಸಿಕ್ಕ ವೀಣೆಯಂತಹ ವಾದ್ಯವೊಂದರ ಮುಂಭಾಗದ ಚಿನ್ನದ ಹೋರಿಯ ತಲೆಗೆ ಗಡ್ಡವನ್ನು ಇದೇ ನೀಲಿ ಕಲ್ಲಿನಿಂದ ಮಾಡಿದ್ದರು. ಸುಮೇರಿಯನ್ ಕಥನಗಳಲ್ಲಿ ಪಾತಾಳಕ್ಕೆ ಇಳಿಯುವ ಇನಾನ್ನಾ ದೇವಿ ಕೊರಳಿಗೆ ಲಾಜವರ್ದದ ಮಣಿಗಳನ್ನು ಧರಿಸಿಯೇ ಹೊರಡುತ್ತಾಳೆ, ಮತ್ತು ಏಳು ಬಾಗಿಲುಗಳಲ್ಲಿ ಒಂದೊಂದೇ ಒಡವೆಯನ್ನು ಕಳಚುತ್ತ ಅವನ್ನೂ ಒಪ್ಪಿಸಬೇಕಾಗುತ್ತದೆ. ದೂರದ ಪರ್ವತರಾಜ್ಯವೊಂದಕ್ಕೆ ಧಾನ್ಯ ಕಳುಹಿಸಿ ನೀಲಿ ಕಲ್ಲನ್ನು ಕೇಳುವ ಅರಸನ ಕಥೆಯೂ ಅಲ್ಲಿದೆ. ಕಲ್ಲೂ ಲೋಹವೂ ಇಲ್ಲದ ಮೆಕ್ಕಲು ಮಣ್ಣಿನ ನಾಡು ತನ್ನ ಹೊಲದ ಬೆಳೆಯನ್ನು ಕೊಟ್ಟು ಬೆಟ್ಟದ ಸಂಪತ್ತನ್ನು ತರಿಸಿಕೊಳ್ಳುತ್ತಿದ್ದ ವಾಸ್ತವವೇ ಆ ಕಥೆಯಲ್ಲಿ ಮೂಡಿದೆ.

ಈಜಿಪ್ಟಿಗೆ ಅದು ಇನ್ನೂ ದೂರದಿಂದ, ಬಾಬಿಲೋನಿನ ಅರಸರ ಉಡುಗೊರೆಗಳ ಮೂಲಕವೂ ತಲುಪುತ್ತಿತ್ತು. ತುಟಾಂಖಾಮನ್ ಎಂಬ ಫೇರೋನ, ಅಂದರೆ ಅರಸನ, ಪ್ರಸಿದ್ಧ ಚಿನ್ನದ ಮುಖವಾಡದಲ್ಲಿ ಹುಬ್ಬು ಮತ್ತು ಕಣ್ಣಿನ ಸುತ್ತಿನ ರೇಖೆಗಳು ಅಪ್ಪಟ ಲಾಜವರ್ದ. ತಲೆವಸ್ತ್ರದ ಅಗಲವಾದ ನೀಲಿ ಪಟ್ಟೆಗಳು ಮಾತ್ರ ಗಾಜು. ಫೇರೋನ ಸಮಾಧಿಗೂ ಅಸಲಿ ಕಲ್ಲನ್ನು ಅಳೆದು ಸುರಿದೇ ಬಳಸಿದ್ದಾರೆಂದರೆ ಅದರ ದುರ್ಲಭತೆಯನ್ನು ಊಹಿಸಬಹುದು.

ಭಾರತದಲ್ಲಿ ಈ ಕಲ್ಲು ಒಡವೆಗಿಂತ ಹೆಚ್ಚಾಗಿ ಬಣ್ಣವಾಗಿ ಬೆಳಗಿತು. ಅಜಂತಾದ ಐದನೆಯ ಶತಮಾನದ ಭಿತ್ತಿಚಿತ್ರಗಳಲ್ಲಿ ಉಳಿದ ಬಣ್ಣಗಳೆಲ್ಲ ಬಹುತೇಕ ಸ್ಥಳೀಯ ಮಣ್ಣು ಮತ್ತು ಕಲ್ಲುಗಳಿಂದ ಬಂದವು; ನೀಲಿ ಮಾತ್ರ ಉತ್ತರದ ಪರ್ವತಗಳಿಂದ ಬಂದ ಲಾಜವರ್ದ. ಅಫ್ಘಾನಿಸ್ತಾನದ ಬಾಮಿಯಾನದ ಗುಹೆಗಳ ಚಿತ್ರಗಳಲ್ಲೂ ಅದೇ ನೀಲಿಯಿದೆ. ತಾಜ್ ಮಹಲಿನಲ್ಲಿ ಬಿಳಿ ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲುಗಳನ್ನು ಕೂಡಿಸಿರುವ ಹೂಬಳ್ಳಿಗಳಲ್ಲಿ ಲಾಜವರ್ದವೂ ಸೇರಿದೆ. ಯುರೋಪಿನಲ್ಲಿ ಈ ಬಣ್ಣ ‘ಅಲ್ಟ್ರಾಮರೀನ್’ ಎಂಬ ಹೆಸರಿನಲ್ಲಿ ಚಿನ್ನಕ್ಕೆ ಸಮನಾದ ಗೌರವ ಪಡೆದು, ಮೇರಿ ಮಾತೆಯ ಮೇಲುವಸ್ತ್ರಕ್ಕೆ ಮೀಸಲಾಯಿತು. ಜರ್ಮನಿಯ ದಾಲ್‌ಹೈಮ್ ಎಂಬಲ್ಲಿನ ಕ್ರೈಸ್ತ ಸನ್ಯಾಸಿನಿಯರ ಮಠದ ಸ್ಮಶಾನದಲ್ಲಿ ಸುಮಾರು ಸಾವಿರ ವರ್ಷ ಹಿಂದಿನ ಹೆಂಗಸೊಬ್ಬಳ ಹಲ್ಲಿನ ಪಾಚಿಯಲ್ಲಿ ಲಾಜವರ್ದದ ಕಣಗಳು ಸಿಕ್ಕವೆಂದು 2019ರಲ್ಲಿ ಪ್ರಕಟವಾಯಿತು. ಹಸ್ತಪ್ರತಿಗಳಿಗೆ ಚಿತ್ರ ಬರೆಯುವಾಗ ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಮೊನೆ ಮಾಡಿಕೊಳ್ಳುತ್ತಿದ್ದ ಚಿತ್ರಕಾರ್ತಿ ಅವಳಿರಬೇಕು ಎಂಬುದು ಸಂಶೋಧಕರು ಹೆಚ್ಚು ಒಪ್ಪಿದ ವಿವರಣೆ. ಹೆಸರೂ ಉಳಿಯದ ಆ ಕಲಾವಿದೆಯ ಕೈಗೆ ಬದಕ್ಷಾನದ ಕಲ್ಲು ತಲುಪಿತ್ತೆನ್ನುವುದು, ಅಂಥ ದುಬಾರಿ ಬಣ್ಣವನ್ನು ಒಪ್ಪಿಸುವಷ್ಟು ನಂಬಿಕೆಯನ್ನು ಅವಳ ಕುಶಲತೆ ಗಳಿಸಿತ್ತೆನ್ನುವುದು ನನಗೆ ಈ ಕಲ್ಲಿನ ಚರಿತ್ರೆಯಲ್ಲೇ ಅತ್ಯಂತ ಪ್ರಿಯವಾದ ಸಂಗತಿ.

ಕಲ್ಲನ್ನು ಕುಟ್ಟಿದ ಮಾತ್ರಕ್ಕೆ ಬಣ್ಣ ಸಿಗುವುದಿಲ್ಲ. ಲಾಜವರ್ದವನ್ನು ನುಣ್ಣಗೆ ಅರೆದರೆ ಕ್ಯಾಲ್ಸೈಟ್‌ನ ಬಿಳಿಯೂ ಪೈರೈಟ್‌ನ ಕಪ್ಪೂ ನೀಲಿಯೊಂದಿಗೆ ಕಲೆತು ಮಂಕಾದ ಬೂದು ಪುಡಿಯಾಗುತ್ತದೆ. 1400ರ ಸುಮಾರಿನಲ್ಲಿ ಇಟಲಿಯ ಚೆನ್ನಿನೋ ಚೆನ್ನಿನಿ ಎಂಬ ಚಿತ್ರಕಾರ ದಾಖಲಿಸಿದ ವಿಧಾನ ಹೀಗಿದೆ: ಪುಡಿಯನ್ನು ಪೈನ್ ಮರದ ರಾಳ, ಮಸ್ತಕಿ ಅಂಟು ಮತ್ತು ಜೇನುಮೇಣದೊಂದಿಗೆ ಕಾಸಿ ಕಲಸಿ, ಚಪಾತಿ ಹಿಟ್ಟಿನ ಹಾಗೆ ಉಂಡೆ ಮಾಡಿ ದಿನಗಟ್ಟಲೆ ನೆನೆಯಲು ಬಿಡಬೇಕು, ಆಮೇಲೆ ಬೂದಿಯಿಂದ ತೆಗೆದ ಕ್ಷಾರದ ಬೆಚ್ಚನೆಯ ನೀರಿನಲ್ಲಿ ಆ ಉಂಡೆಯನ್ನು ಒತ್ತಿ ಒತ್ತಿ ನಾದಬೇಕು. ಲಾಜುರೈಟ್ ಕಣಗಳು ನೀರಿಗೆ ಜಾರಿ ತಳದಲ್ಲಿ ಕೂರುತ್ತವೆ, ಕ್ಯಾಲ್ಸೈಟ್ ಮತ್ತು ಪೈರೈಟ್ ರಾಳದಲ್ಲೇ ಅಂಟಿಕೊಂಡು ಉಳಿಯುತ್ತವೆ. ಮೊದಲ ನೀರಿನಲ್ಲಿ ಇಳಿದದ್ದು ಅತ್ಯುತ್ತಮ ನೀಲಿ. ಕೊನೆಯದು ಬೂದು ಮಿಶ್ರಿತ ತಿಳಿನೀಲಿ. ದೊಡ್ಡ ಕಲ್ಲಿನಿಂದ ಸಿಗುವ ಶುದ್ಧ ಬಣ್ಣ ಅತ್ಯಲ್ಪವಾದ್ದರಿಂದಲೇ ಅದರ ಬೆಲೆ ಗಗನಕ್ಕೇರಿತ್ತು.

ಆ ಬೆಲೆ ಬಿದ್ದದ್ದು 19ನೇ ಶತಮಾನದಲ್ಲಿ. ಸುಣ್ಣದ ಮತ್ತು ಸೋಡಾದ ಕುಲುಮೆಗಳ ಗೋಡೆಗೆ ನೀಲಿ ಪದಾರ್ಥವೊಂದು ತಾನಾಗಿ ಅಂಟುವುದನ್ನು ಆಗಲೇ ಹಲವರು ಗಮನಿಸಿದ್ದರು. 1824ರಲ್ಲಿ ಫ್ರಾನ್ಸಿನ ಉದ್ಯಮ ಪ್ರೋತ್ಸಾಹಕ ಸಂಘವೊಂದು ಕೃತಕ ಅಲ್ಟ್ರಾಮರೀನ್ ತಯಾರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಘೋಷಿಸಿತು. 1828ರಲ್ಲಿ ಜಾನ್ ಬ್ಯಾಪ್ಟಿಸ್ಟ್ ಗಿಮೆ ಅದನ್ನು ಪಡೆದ. ಅದೇ ವರ್ಷ ಜರ್ಮನಿಯ ಕ್ರಿಶ್ಚಿಯನ್ ಗ್ಮೆಲಿನ್ ಸ್ವತಂತ್ರವಾಗಿ ತನ್ನ ವಿಧಾನವನ್ನು ಪ್ರಕಟಿಸಿದ. ಬಿಳಿ ಜೇಡಿಮಣ್ಣು, ಸೋಡಾ, ಗಂಧಕ ಮತ್ತು ಇದ್ದಿಲನ್ನು ಸೇರಿಸಿ ಕುಲುಮೆಯಲ್ಲಿ ಕಾಯಿಸಿದರೆ ಲಾಜುರೈಟ್‌ನದೇ ಪಂಜರಗಳು, ಅದೇ ಗಂಧಕದ ಗುಂಪುಗಳೊಂದಿಗೆ ಸಿದ್ಧವಾಗುತ್ತವೆ. ನಮ್ಮ ಮನೆಗಳಲ್ಲಿ ಬಿಳಿ ಪಂಚೆ, ಅಂಗಿಗಳಿಗೆ ಹಾಕುತ್ತಿದ್ದ ನೀಲಿ ಪುಡಿ, ರಾಬಿನ್ ಬ್ಲೂ ಎಂದೇ ಮನೆಮಾತಾದದ್ದು, ಇದೇ ಕೃತಕ ಅಲ್ಟ್ರಾಮರೀನ್. ಬಟ್ಟೆಗೆ ಹಿಡಿದ ಹಳದಿ ಛಾಯೆಯನ್ನು ನೀಲಿ ಮರೆಸುವುದರಿಂದ ಬಿಳಿ ಎದ್ದು ಕಾಣುತ್ತದೆ. ಗೋಡೆಗೆ ಬಳಿಯುವ ಸುಣ್ಣಕ್ಕೂ ಅದನ್ನೇ ಚಿಟಿಕೆ ಬೆರೆಸುತ್ತಿದ್ದರು. ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಆ ನೀಲಿ ಕದಲದೆ ನಿಲ್ಲುತ್ತದೆ, ಹುಳಿ ಪದಾರ್ಥ ತಾಗಿದರೆ ಮಾತ್ರ ಕಂದುತ್ತದೆ. ಉಂಗುರದ ಕಲ್ಲಿಗೂ ಬಟ್ಟೆಯ ನೀಲಿಗೂ ಇರುವ ಈ ಒಂದೇ ಗುಣವನ್ನು ಮುಂದೆ ಜೋಪಾಸನೆಯ ಮಾತಿಗೆ ಬಂದಾಗ ಮತ್ತೆ ನೋಡೋಣ.

ಗಾಢ ನೀಲಿಯ ಮೇಲೆ ಹೊಂಬಣ್ಣದ ಚುಕ್ಕೆಗಳಿದ್ದ ಕಲ್ಲನ್ನು ಕಂಡವರಿಗೆಲ್ಲ ನಕ್ಷತ್ರ ತುಂಬಿದ ಆಕಾಶ ನೆನಪಾಗಿದೆ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಅದರಲ್ಲಿ ಚಿನ್ನದ ಚುಕ್ಕೆಗಳು ಹೊಳೆಯುತ್ತವೆಂದು ಬರೆದಿದ್ದಾನೆ. ಅವನು ಆ ಕಲ್ಲಿಗೆ ಬಳಸಿದ ‘ಸಫೈರಸ್’ ಎಂಬ ಹೆಸರು ಮುಂದೆ ಇಂದ್ರನೀಲಕ್ಕೆ ಸಂದಿತು. ಈಜಿಪ್ಟಿನವರು ದೇವತೆಗಳ ಕೂದಲು ಲಾಜವರ್ದವೆಂದು ನಂಬಿದ್ದರು. ಮಹಾಯಾನ ಬೌದ್ಧರ ಭೈಷಜ್ಯಗುರು, ಅಂದರೆ ರೋಗ ನಿವಾರಕ ಬುದ್ಧ, ಟಿಬೆಟಿಯನ್ ಪರಂಪರೆಯಲ್ಲಿ ಲಾಜವರ್ದದ ಮೈಬಣ್ಣದವನು. ಬೈಲಕುಪ್ಪೆ, ಮುಂಡಗೋಡುಗಳ ಟಿಬೆಟಿಯನ್ನರು ಪೂಜಿಸುವ ಚಿತ್ರಪಟಗಳಲ್ಲಿ ಆ ನೀಲಿ ಮೂರ್ತಿಯನ್ನು ಕಾಣಬಹುದು. ನಮ್ಮ ನವರತ್ನಗಳಲ್ಲಿ ಲಾಜವರ್ದಕ್ಕೆ ಸ್ಥಾನವಿಲ್ಲ. ಆದರೆ ಇಂದ್ರನೀಲ ಕೊಳ್ಳುವ ಶಕ್ತಿಯಿಲ್ಲದವರಿಗೆ ಶನಿಯ ಉಪರತ್ನವೆಂದು ಜ್ಯೋತಿಷಿಗಳು ಇದನ್ನು ಸೂಚಿಸುವುದುಂಟು. ಗ್ರಹಫಲವನ್ನು ಕಲ್ಲು ಬದಲಿಸುತ್ತದೆ ಎಂಬುದಕ್ಕೆ ಪ್ರಮಾಣವಿಲ್ಲ; ಆದರೆ ಶ್ರದ್ಧೆಯಿಂದ ಧರಿಸುವವರು ಕಲ್ಲನ್ನು ಕೆಡಿಸಿಕೊಳ್ಳಬಾರದು ಎಂಬ ಕಾಳಜಿಯಿಂದ ಒಂದು ಮಾತು ಹೇಳಲೇಬೇಕು. ಧರಿಸುವ ಮುನ್ನ ಶುದ್ಧಿಗೆಂದು ಉಂಗುರವನ್ನು ಹಾಲು, ಮೊಸರು, ಜೇನುತುಪ್ಪ ಬೆರೆತ ಪಂಚಾಮೃತದಲ್ಲಿ ರಾತ್ರಿಯಿಡೀ ಇಡುವ ಪದ್ಧತಿ ಇಂದ್ರನೀಲಕ್ಕೆ ಏನೂ ಮಾಡದು, ಲಾಜವರ್ದಕ್ಕೆ ಹಾನಿ ಮಾಡುತ್ತದೆ. ಮೊಸರಿನ ಹುಳಿ ಮೊದಲು ಕ್ಯಾಲ್ಸೈಟನ್ನು ಕರಗಿಸಿ ಹೊಳಪನ್ನು ಕಳೆಯುತ್ತದೆ, ಹಾಲು ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಕೂರುತ್ತದೆ. ಶುದ್ಧ ನೀರಿನ ಪ್ರೋಕ್ಷಣೆ ಮಾಡಿ ಒಡನೆ ಒರೆಸಿದರೆ ಸಂಪ್ರದಾಯವೂ ನಡೆಯುತ್ತದೆ, ಕಲ್ಲೂ ಉಳಿಯುತ್ತದೆ.

ಕೊಳ್ಳುವಾಗ ಎಚ್ಚರ ಬೇಕಾದ ಕಲ್ಲು ಇದು. ಹೌಲೈಟ್, ಮ್ಯಾಗ್ನೆಸೈಟ್‌ನಂತಹ ಬಿಳಿ ಕಲ್ಲುಗಳಿಗೆ ನೀಲಿ ಬಣ್ಣ ಕುಡಿಸಿ ಮಾರುತ್ತಾರೆ. ಬಿಳಿ ಹೆಚ್ಚಿರುವ ಕಡಿಮೆ ದರ್ಜೆಯ ಲಾಜವರ್ದಕ್ಕೂ ಬಣ್ಣ ಹಾಕುತ್ತಾರೆ. ಪುಡಿಯನ್ನು ರಾಳದಲ್ಲಿ ಒತ್ತಿ ಗಟ್ಟಿಮಾಡಿ ಇಡೀ ಕಲ್ಲೆಂದು ಕೊಡುವುದೂ ಉಂಟು. ಸೋಡಲೈಟ್ ನೈಸರ್ಗಿಕ ಕಲ್ಲೇ ಆದರೂ ಬೇರೆ ಜಾತಿ, ಹೆಚ್ಚು ಅಗ್ಗ, ಅದರಲ್ಲಿ ಪೈರೈಟ್ ಅಪರೂಪ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಅಸಲಿ ಕಲ್ಲಿನ ಪೈರೈಟ್ ಕಣಗಳು ಕೆಲವೆಡೆ ಗುಂಪಾಗಿ, ಕೆಲವೆಡೆ ಎಳೆಯಾಗಿ, ಅಂಕುಡೊಂಕಾದ ಅಂಚಿನೊಂದಿಗೆ ಹರಡಿರುತ್ತವೆ. ಎಲ್ಲೆಡೆ ಸಮನಾಗಿ ಎರಚಿದಂತಹ ಮಿನುಗು ಕಂಡರೆ ಅದು ಗಾಜು ಅಥವಾ ಕೃತಕ. ಬಣ್ಣ ಹಾಕಿದ್ದಾದರೆ ನೀಲಿ ಬಿರುಕುಗಳಲ್ಲಿ ಗಾಢವಾಗಿ ನಿಂತಿರುತ್ತದೆ. ಉಗುರಿನ ಬಣ್ಣ ತೆಗೆಯುವ ಅಸಿಟೋನನ್ನು ಹತ್ತಿಗೆ ಅದ್ದಿ, ಅಂಗಡಿಯವರ ಒಪ್ಪಿಗೆ ಪಡೆದು, ಕಲ್ಲಿನ ಹಿಂಬದಿಯಲ್ಲಿ ಒರೆಸಿದಾಗ ಹತ್ತಿ ನೀಲಿಯಾದರೆ ಸಂಶಯ ಬೇಡ. ಆದರೆ ಮೇಣ ಅಥವಾ ರಾಳದ ಲೇಪವಿದ್ದರೆ ಬಣ್ಣ ಹೊರಬಾರದೆಯೂ ಇರಬಹುದು. ಬೆಲೆ ದೊಡ್ಡದಾಗಿದ್ದರೆ ರತ್ನಪರೀಕ್ಷಾ ಪ್ರಯೋಗಾಲಯದ ಪ್ರಮಾಣಪತ್ರವೇ ಭದ್ರ. ಮೂಲದ ಬಗ್ಗೆಯೂ ಕೇಳುವುದು ನ್ಯಾಯ. ಬದಕ್ಷಾನದ ಗಣಿಗಳ ಆದಾಯ ಸಶಸ್ತ್ರ ಗುಂಪುಗಳ ಮತ್ತು ತಾಲಿಬಾನಿನ ಕೈಸೇರುತ್ತಿದೆ ಎಂದು 2016ರಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ವರದಿ ಮಾಡಿತ್ತು. ಆ ನೆಲದ ಜನ ತಮ್ಮ ಬೆಟ್ಟದ ಸಂಪತ್ತಿನಿಂದ ಪಡೆದದ್ದು ಬಹಳ ಕಡಿಮೆ.

ಇನ್ನು ಜೋಪಾಸನೆ. ಲಾಜವರ್ದದ ಗಡಸುತನ ಮೋಸ್ ಮಾಪಕದಲ್ಲಿ 5ರಿಂದ 5.5, ನಡುನಡುವಿನ ಕ್ಯಾಲ್ಸೈಟ್ ಬರೀ 3. ಮನೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳ ಗಡಸುತನ 7. ಆದ್ದರಿಂದ ಒಣ ಧೂಳನ್ನು ಬಟ್ಟೆಯಿಂದ ತಿಕ್ಕಿದರೂ ಗೀರು ಬೀಳುತ್ತದೆ; ಮೊದಲು ಧೂಳನ್ನು ಊದಿ ಹಾರಿಸಿ, ಆಮೇಲೆ ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಬೇಕು. ಜಿಡ್ಡು ಹಿಡಿದಿದ್ದರೆ ಸೌಮ್ಯ ಸೋಪಿನ ಒಂದು ಹನಿ ಸಾಕು, ನೆನೆಹಾಕಬಾರದು, ತೊಳೆದ ಕೂಡಲೇ ಒಣಗಿಸಬೇಕು. ತೇವ ಉಳಿದರೆ ಪೈರೈಟ್ ಕ್ರಮೇಣ ಕಂದುಗಟ್ಟುತ್ತದೆ; ಕರಾವಳಿಯ ಹವೆಯಲ್ಲಿರುವವರು ಇದನ್ನು ಹೆಚ್ಚು ಗಮನಿಸಬೇಕು.

ನಮ್ಮ ಮನೆಗಳಲ್ಲಿ ಬೆಳ್ಳಿಯನ್ನು ಹುಣಸೆಹಣ್ಣು, ನಿಂಬೆ, ವಿಭೂತಿ ಅಥವಾ ಟೂತ್‌ಪೇಸ್ಟ್ ಹಾಕಿ ಬೆಳಗುವ ರೂಢಿಯಿದೆ. ಲಾಜವರ್ದವನ್ನು ಸಾಮಾನ್ಯವಾಗಿ ಬೆಳ್ಳಿಯಲ್ಲೇ ಕೂರಿಸುವುದರಿಂದ ಅಪಾಯ ಇಲ್ಲೇ ಹೆಚ್ಚು. ಹುಣಸೆ, ನಿಂಬೆಗಳ ಹುಳಿ ಕ್ಯಾಲ್ಸೈಟನ್ನು ತಿಂದು, ಮುಂದುವರಿದರೆ ಲಾಜುರೈಟ್‌ನ ಪಂಜರವನ್ನೇ ಒಡೆಯುತ್ತದೆ. ವಿಭೂತಿ ಮತ್ತು ಪೇಸ್ಟ್ ಮೆರುಗನ್ನು ಸವೆಸುತ್ತವೆ. ಬೆಳ್ಳಿ ಕಪ್ಪಾದರೆ ಕಲ್ಲಿಗೆ ತಾಗದಂತೆ ಲೋಹವನ್ನಷ್ಟೇ ಪಾಲಿಶ್ ಬಟ್ಟೆಯಿಂದ ಒರೆಸಬೇಕು. ಹುಳಿ ಕಿವುಚುವಾಗ, ಉಪ್ಪಿನಕಾಯಿ ಹಾಕುವಾಗ, ಸ್ನಾನದಮನೆ ತೊಳೆಯುವ ಆಮ್ಲವನ್ನು ಮುಟ್ಟುವಾಗ ಉಂಗುರ ತೆಗೆದಿಡಬೇಕು. ಸುಗಂಧದ್ರವ್ಯ ಮತ್ತು ಸ್ಯಾನಿಟೈಸರ್‌ಗಳಲ್ಲಿನ ಆಲ್ಕೋಹಾಲ್ ಮೇಣದ ಲೇಪವನ್ನೂ ಹಾಕಿದ ಬಣ್ಣವನ್ನೂ ಕರಗಿಸುತ್ತದೆ, ಹಾಗಾಗಿ ಅವನ್ನು ಹಚ್ಚಿಕೊಂಡು ಆರಿದ ಮೇಲೆಯೇ ಒಡವೆ ತೊಡುವುದು ಒಳ್ಳೆಯದು. ಒಡವೆಯಂಗಡಿಯ ಅಲ್ಟ್ರಾಸಾನಿಕ್ ಯಂತ್ರದ ಕಂಪನವೂ ಹಬೆಯೂ ಬಿರುಕುಗಳನ್ನು ಅಗಲಿಸುತ್ತವೆ.

ಉಂಗುರದ ಅಳತೆ ತಿದ್ದಿಸುವಾಗ ಅಕ್ಕಸಾಲಿಗರಿಗೆ ಇದು ಲಾಜವರ್ದವೆಂದು ಬಾಯಿಬಿಟ್ಟು ಹೇಳಿ, ಬೆಸುಗೆಗೆ ಮೊದಲು ಕಲ್ಲನ್ನು ಬಿಡಿಸಲು ಕೇಳಬೇಕು. ಬೆಂಕಿಯ ಝಳವಷ್ಟೇ ಅಲ್ಲ, ಬೆಸುಗೆಯ ನಂತರ ಲೋಹವನ್ನು ಅದ್ದುವ ಆಮ್ಲದ ದ್ರಾವಣ ಕಲ್ಲನ್ನು ನಿಮಿಷಗಳಲ್ಲಿ ಕೆಡಿಸಬಲ್ಲದು. ಮಣಿಸರವಾದರೆ ಎರಡು ಮಣಿಗಳ ನಡುವೆ ಗಂಟು ಹಾಕಿ ಪೋಣಿಸಿರಬೇಕು. ಇಲ್ಲವಾದರೆ ಮಣಿ ಮಣಿಗೆ ಉಜ್ಜಿ ರಂಧ್ರದ ಅಂಚು ಚಕ್ಕೆಯೇಳುತ್ತದೆ. ಬೆವರಿನಿಂದ ದಾರ ಸಡಿಲಗೊಂಡಾಗ ಬದಲಿಸಬೇಕು. ಇಡುವಾಗ ವಜ್ರ, ಮಾಣಿಕ್ಯದ ಒಡವೆಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹಾಕದೆ ಬೇರೆ ಬಟ್ಟೆಯಲ್ಲಿ ಸುತ್ತಿಡಬೇಕು. ಇಷ್ಟಾಗಿಯೂ ವರ್ಷಗಳ ಬಳಕೆಯಿಂದ ಮೇಲ್ಮೈ ಮಸುಕಾದರೆ ನಿರಾಶರಾಗಬೇಕಿಲ್ಲ. ನೀಲಿ ಬರೀ ಮೇಲಿನ ಪದರದಲ್ಲಿಲ್ಲದೆ ಕಲ್ಲಿನ ಉದ್ದಗಲಕ್ಕೂ ಇರುವುದರಿಂದ, ಹರಳು ಸಾಣೆ ಹಿಡಿಯುವವರು ತೆಳುವಾಗಿ ತಿಕ್ಕಿ ಮತ್ತೆ ಮೆರುಗು ಕೊಟ್ಟರೆ ಕಲ್ಲು ಮೊದಲಿನ ಬಣ್ಣಕ್ಕೇ ಬರುತ್ತದೆ.